ಆಂಗ್ವಿಲಾದ ವ್ಯಾಪಾರ ಮತ್ತು ಸಂಪರ್ಕ ವ್ಯವಸ್ಥೆ

ಆಂಗ್ವಿಲಾ ಕೆರಿಬಿಯನ್ ಸಮುದ್ರದ ಲೀವರ್ಡ್ ದ್ವೀಪಸಾಲಿನ ಉತ್ತರ ತುದಿಯಲ್ಲಿರುವ ಪುಟ್ಟ ದ್ವೀಪ. ಕನ್ನಡದಲ್ಲಿ ಇದನ್ನು ಅಂಗುಯಿಲ್ಲ ಎಂದೂ ಬರೆಯುವುದುಂಟು. ಬ್ರಿಟನ್ನಿನ ಸಾಗರೋತ್ತರ ಪ್ರಾಂತ್ಯವಾಗಿರುವ ಇದರ ವಿಸ್ತೀರ್ಣ ಸುಮಾರು ೯೧ ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು ೧೬,೦೦೦, ರಾಜಧಾನಿ ದಿ ವ್ಯಾಲಿ. ದ್ವೀಪವು ಸುಮಾರು ೨೬ ಕಿ.ಮೀ. ಉದ್ದವಾಗಿದ್ದು, ಅತ್ಯಂತ ಅಗಲವಾದ ಕಡೆಯಲ್ಲಿಯೂ ೫ ಕಿ.ಮೀ. ಮೀರುವುದಿಲ್ಲ. ಉದ್ದವಾಗಿ ಮಲಗಿರುವ ಈ ಆಕಾರದಿಂದಾಗಿಯೇ ಹಾವುಮೀನು ಎಂಬ ಅರ್ಥದ ಹೆಸರು ಇದಕ್ಕೆ ಬಂದಿತೆಂದು ಹೇಳಲಾಗುತ್ತದೆ. ಇಷ್ಟು ಚಿಕ್ಕ ನೆಲದಲ್ಲಿ ವ್ಯಾಪಾರ ನಡೆಸುವುದೂ ಹೊರಜಗತ್ತಿನೊಡನೆ ಸಂಪರ್ಕ ಉಳಿಸಿಕೊಳ್ಳುವುದೂ ಬೇರೆಬೇರೆ ವಿಷಯಗಳಲ್ಲ. ಹಡಗು, ಅಂಚೆ, ಬ್ಯಾಂಕು, ದೂರವಾಣಿ ಇವುಗಳಲ್ಲಿ ಯಾವುದೊಂದು ನಿಂತರೂ ಅಂಗಡಿಯ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ. ಇಂದು ಈ ದ್ವೀಪವು ಅಂತರಜಾಲದ .ಎಐ (ಡಾಟ್ ಎಐ) ಎಂಬ ವಿಳಾಸಗಳಿಂದಾಗಿ ಪ್ರಪಂಚದಾದ್ಯಂತ ಹೆಸರಾಗಿದೆ.

ಹಿನ್ನೆಲೆ

ಆಂಗ್ವಿಲಾ ಸುಣ್ಣಕಲ್ಲಿನ, ತಗ್ಗಾದ ದ್ವೀಪ. ಇಲ್ಲಿ ನದಿಗಳಿಲ್ಲ, ಮಣ್ಣಿನ ಪದರ ತೆಳುವಾಗಿದ್ದು ಮಳೆಯೂ ಕಡಿಮೆ. ನೆರೆಯ ದ್ವೀಪಗಳಂತೆ ಇಲ್ಲಿ ಕಬ್ಬಿನ ದೊಡ್ಡ ತೋಟಗಳು ಬಹುಕಾಲ ನಿಲ್ಲಲಿಲ್ಲ. ಆ ಕಾರಣದಿಂದ ಭೂಮಿಯ ಬಹುಪಾಲು ಸಾಮಾನ್ಯ ಕುಟುಂಬಗಳ ಕೈಯಲ್ಲಿಯೇ ಉಳಿಯಿತು. ಬಡತನದಿಂದ ಬಂದ ಈ ಅನುಕೂಲವನ್ನು ದ್ವೀಪದ ಆರ್ಥಿಕ ಇತಿಹಾಸವನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು. ಮುಂದೆ ಪ್ರವಾಸೋದ್ಯಮ ಬಂದಾಗ ಕಡಲತೀರದ ಜಮೀನಿಗೆ ಬೆಲೆ ಬಂದದ್ದು ಇಂಥ ಕುಟುಂಬಗಳಿಗೇ.

ಬೇಸಾಯ ಕೈಹಿಡಿಯದ ಕಾರಣ ಜನರು ಸಮುದ್ರವನ್ನು ಅವಲಂಬಿಸಿದರು. ಮೀನುಗಾರಿಕೆ, ದೋಣಿ ಕಟ್ಟುವುದು, ಉಪ್ಪು ತೆಗೆಯುವುದು ಹಳೆಯ ಕಸುಬುಗಳು. ಸ್ಯಾಂಡಿ ಗ್ರೌಂಡ್ ಎಂಬ ಊರಿನ ಹಿಂದಿರುವ ಉಪ್ಪಿನ ಕೆರೆಯಿಂದ ತೆಗೆದ ಉಪ್ಪು ಹಡಗುಗಳಲ್ಲಿ ಟ್ರಿನಿಡಾಡ್ ಮುಂತಾದ ಕಡೆಗಳಿಗೆ ಹೋಗುತ್ತಿತ್ತು. ಈ ಉದ್ಯಮ ೧೯೮೦ರ ದಶಕದಲ್ಲಿ ನಿಂತುಹೋಯಿತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಗಂಡಸರು ಹಾಯಿಹಡಗುಗಳಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಕಬ್ಬು ಕಡಿಯಲು ಹೋಗಿ, ಸುಗ್ಗಿ ಮುಗಿದ ಮೇಲೆ ಕೂಲಿಯ ಹಣದೊಂದಿಗೆ ಮರಳುತ್ತಿದ್ದರು. ಮರಳುವಾಗ ಹಡಗುಗಳ ನಡುವೆ ನಡೆಯುತ್ತಿದ್ದ ಪೈಪೋಟಿಯಿಂದಲೇ ದ್ವೀಪದ ರಾಷ್ಟ್ರೀಯ ಕ್ರೀಡೆಯಾದ ದೋಣಿ ಪಂದ್ಯ ಹುಟ್ಟಿತೆಂಬ ನಂಬಿಕೆ ಇದೆ. ಎರಡನೆಯ ಮಹಾಯುದ್ಧದ ನಂತರ ಅನೇಕರು ಬ್ರಿಟನ್ನಿಗೆ ವಲಸೆ ಹೋದರು. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದಲ್ಲಿ ಇಂದಿಗೂ ಆಂಗ್ವಿಲಾ ಮೂಲದವರ ದೊಡ್ಡ ಸಮುದಾಯವಿದೆ. ಹೀಗೆ ಹೊರಗೆ ದುಡಿದವರು ಮನೆಗೆ ಕಳುಹಿಸುವ ಹಣವೇ ದ್ವೀಪಕ್ಕೆ ದೀರ್ಘಕಾಲ ಆಧಾರವಾಗಿತ್ತು.

ಸಂಪರ್ಕ ಕಡಿದ ದಿನಗಳು

ವಸಾಹತು ಆಡಳಿತದ ಅನುಕೂಲಕ್ಕಾಗಿ ಬ್ರಿಟನ್ ಆಂಗ್ವಿಲಾವನ್ನು ಸುಮಾರು ೧೦೦ ಕಿ.ಮೀ. ದೂರದ ಸೇಂಟ್ ಕಿಟ್ಸ್ ದ್ವೀಪದ ಆಡಳಿತಕ್ಕೆ ಸೇರಿಸಿತ್ತು. ೧೯೬೭ರ ಫೆಬ್ರವರಿಯಲ್ಲಿ ಸೇಂಟ್ ಕಿಟ್ಸ್, ನೆವಿಸ್ ಮತ್ತು ಆಂಗ್ವಿಲಾ ಮೂರನ್ನೂ ಸೇರಿಸಿ ಒಳಾಡಳಿತದ ಅಧಿಕಾರವುಳ್ಳ ರಾಜ್ಯವನ್ನಾಗಿ ಮಾಡಿದಾಗ ಆಂಗ್ವಿಲಾದ ಜನರು ಅದನ್ನು ಒಪ್ಪಲಿಲ್ಲ. ಆ ಹೊತ್ತಿಗೆ ದ್ವೀಪದ ಬಹುಭಾಗದಲ್ಲಿ ವಿದ್ಯುತ್ತಾಗಲಿ, ದೂರವಾಣಿಯಾಗಲಿ, ಡಾಂಬರು ರಸ್ತೆಯಾಗಲಿ ಇರಲಿಲ್ಲ. ತೆರಿಗೆ ಅತ್ತ ಹೋಗುತ್ತದೆ, ಇತ್ತ ಏನೂ ಬರುವುದಿಲ್ಲ ಎಂಬುದು ಜನರ ದೂರಾಗಿತ್ತು. ೧೯೬೭ರ ಮೇ ೩೦ರಂದು ಅವರು ಸೇಂಟ್ ಕಿಟ್ಸ್‌ನ ಪೊಲೀಸರನ್ನು ದ್ವೀಪದಿಂದ ಹೊರಗೆ ಕಳುಹಿಸಿದರು. ಈ ದಿನವನ್ನು ಈಗ ಆಂಗ್ವಿಲಾ ದಿನವೆಂದು ಆಚರಿಸುತ್ತಾರೆ. ಅದೇ ವರ್ಷದ ಜುಲೈ ೧೧ರಂದು ನಡೆದ ಜನಮತಗಣನೆಯಲ್ಲಿ ಬೇರ್ಪಡುವುದರ ಪರವಾಗಿ ೧,೮೧೩ ಮತಗಳೂ ವಿರುದ್ಧವಾಗಿ ಕೇವಲ ೫ ಮತಗಳೂ ಬಿದ್ದವು. ಚಳವಳಿಯ ಮುಂದಾಳು ರೊನಾಲ್ಡ್ ವೆಬ್‌ಸ್ಟರ್.

ಬಂಡಾಯದ ಪರಿಣಾಮ ಮೊದಲು ಕಾಣಿಸಿಕೊಂಡದ್ದು ಸಂಪರ್ಕದಲ್ಲಿ. ಸೇಂಟ್ ಕಿಟ್ಸ್ ಮೂಲಕ ಬರುತ್ತಿದ್ದ ಅಂಚೆ ನಿಂತಿತು. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ದುಡಿಯುತ್ತಿದ್ದ ಮಗ ಕಳುಹಿಸುವ ಹಣ ಬರುತ್ತಿದ್ದುದೇ ಅಂಚೆಯಲ್ಲಿ. ಆದ್ದರಿಂದ ಅದು ನಿಂತರೆ ಮನೆಯಲ್ಲಿ ಒಲೆ ಉರಿಯುವುದೂ ಕಷ್ಟವಾಗುತ್ತಿತ್ತು. ದ್ವೀಪದವರು ನೆರೆಯ ದ್ವೀಪಗಳ ಮೂಲಕ ತಮ್ಮದೇ ಅಂಚೆ ಮಾರ್ಗ ಮಾಡಿಕೊಂಡರು. ಕೈಯಲ್ಲಿದ್ದ ಹಳೆಯ ಅಂಚೆಚೀಟಿಗಳ ಮೇಲೆ 'ಸ್ವತಂತ್ರ ಆಂಗ್ವಿಲಾ' ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಅಚ್ಚೊತ್ತಿ ೧೯೬೭ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ಅಂಚೆಚೀಟಿ ಸಂಗ್ರಾಹಕರಲ್ಲಿ ಇವಕ್ಕೆ ಇಂದಿಗೂ ಬೇಡಿಕೆ ಇದೆ. ಎರಡಕ್ಷರದ ಅಂತರಜಾಲ ವಿಳಾಸವನ್ನು ಮಾರುವುದಕ್ಕೆ ಬಹಳ ಮೊದಲೇ ಈ ದ್ವೀಪ ತನ್ನ ಹೆಸರನ್ನು ಹೀಗೆ ಹೊರಗಿನವರಿಗೆ ಮಾರಿತ್ತು.

೧೯೬೯ರ ಮಾರ್ಚ್ ೧೯ರಂದು ಬ್ರಿಟಿಷ್ ಸೈನಿಕರೂ ಲಂಡನ್ನಿನ ಪೊಲೀಸರೂ ದ್ವೀಪಕ್ಕೆ ಬಂದಿಳಿದರು. ಯಾರೂ ಎದುರಿಸಲಿಲ್ಲ, ಪ್ರಾಣಹಾನಿಯೂ ಆಗಲಿಲ್ಲ. ಬಂಡಾಯವನ್ನು ಅಡಗಿಸಲು ಬಂದವರಿಂದಲೇ ಬಂಡಾಯದ ಬೇಡಿಕೆಗಳು ಒಂದೊಂದಾಗಿ ಈಡೇರತೊಡಗಿದ್ದು ಈ ಪ್ರಸಂಗದ ವಿಶೇಷ. ಸೇನೆಯ ಎಂಜಿನಿಯರುಗಳು ರಸ್ತೆ ಮೊದಲಾದ ಕಾಮಗಾರಿಗಳನ್ನು ಕೈಗೊಂಡರು. ೧೯೭೦ರ ದಶಕದಲ್ಲಿ ಕೇಬಲ್ ಅಂಡ್ ವೈರ್‌ಲೆಸ್ ಕಂಪನಿ ದೂರವಾಣಿ ಸೇವೆಯನ್ನು ನಡೆಸತೊಡಗಿತು. ೧೯೮೦ರ ಡಿಸೆಂಬರ್ ೧೯ರಂದು ಆಂಗ್ವಿಲಾ ಸೇಂಟ್ ಕಿಟ್ಸ್‌ನಿಂದ ವಿಧ್ಯುಕ್ತವಾಗಿ ಬೇರ್ಪಟ್ಟು ಬ್ರಿಟನ್ನಿನ ನೇರ ಅಧೀನ ಪ್ರಾಂತ್ಯವಾಯಿತು.

ಹಣ ಮತ್ತು ಬ್ಯಾಂಕುಗಳು

ದ್ವೀಪದ ಅಧಿಕೃತ ನಾಣ್ಯ ಪೂರ್ವ ಕೆರಿಬಿಯನ್ ಡಾಲರ್. ಒಟ್ಟು ಎಂಟು ದೇಶ ಮತ್ತು ಪ್ರಾಂತ್ಯಗಳಿಗೆ ಇದೊಂದೇ ನಾಣ್ಯ. ಇದನ್ನು ಹೊರಡಿಸುವ ಪೂರ್ವ ಕೆರಿಬಿಯನ್ ಕೇಂದ್ರ ಬ್ಯಾಂಕು ೧೯೮೩ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಧಾನ ಕಚೇರಿ ಇರುವುದು ಆಂಗ್ವಿಲಾ ಬಂಡೆದ್ದು ಬಿಟ್ಟುಬಂದ ಸೇಂಟ್ ಕಿಟ್ಸ್‌ನಲ್ಲಿಯೇ. ೧೯೭೬ರಿಂದ ಒಂದು ಅಮೆರಿಕನ್ ಡಾಲರಿಗೆ ೨.೭೦ ಪೂರ್ವ ಕೆರಿಬಿಯನ್ ಡಾಲರ್ ಎಂಬ ದರ ಬದಲಾಗದೆ ಉಳಿದಿದೆ. ದರ ಸ್ಥಿರವಾಗಿರುವುದರಿಂದ ಅಂಗಡಿ, ಹೋಟೆಲು, ಟ್ಯಾಕ್ಸಿಗಳಲ್ಲಿ ಅಮೆರಿಕನ್ ಡಾಲರ್ ಕೂಡ ಸಲೀಸಾಗಿ ಚಲಾವಣೆಯಾಗುತ್ತದೆ. ದೋಣಿ ಹತ್ತಿ ಎದುರಿನ ಸಂತ ಮಾರ್ಟಿನ್ ದ್ವೀಪದ ಫ್ರೆಂಚ್ ಭಾಗಕ್ಕೆ ಹೋದರೆ ಅಲ್ಲಿ ಯೂರೋ. ಹೀಗಾಗಿ ಸಣ್ಣ ವ್ಯಾಪಾರಿಯೊಬ್ಬ ಮೂರು ನಾಣ್ಯಗಳ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡಿರಬೇಕಾಗುತ್ತದೆ.

ಚಿಕ್ಕ ದ್ವೀಪದಲ್ಲಿ ಬ್ಯಾಂಕು ಎಡವಿದರೆ ಏನಾಗುತ್ತದೆ ಎಂಬುದಕ್ಕೂ ಆಂಗ್ವಿಲಾ ಉದಾಹರಣೆಯಾಗಿದೆ. ದ್ವೀಪದವರೇ ಕಟ್ಟಿದ್ದ ನ್ಯಾಷನಲ್ ಬ್ಯಾಂಕ್ ಆಫ್ ಆಂಗ್ವಿಲಾ ಮತ್ತು ಕೆರಿಬಿಯನ್ ಕಮರ್ಷಿಯಲ್ ಬ್ಯಾಂಕುಗಳನ್ನು ೨೦೧೩ರ ಆಗಸ್ಟ್‌ನಲ್ಲಿ ಕೇಂದ್ರ ಬ್ಯಾಂಕು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಸುಮಾರು ಎರಡೂವರೆ ವರ್ಷಗಳ ನಂತರ, ೨೦೧೬ರ ಏಪ್ರಿಲ್‌ನಲ್ಲಿ, ಅವುಗಳ ವ್ಯವಹಾರವನ್ನು ನ್ಯಾಷನಲ್ ಕಮರ್ಷಿಯಲ್ ಬ್ಯಾಂಕ್ ಆಫ್ ಆಂಗ್ವಿಲಾ ಎಂಬ ಹೊಸ ಬ್ಯಾಂಕಿಗೆ ವರ್ಗಾಯಿಸಲಾಯಿತು. ಎಲ್ಲರೂ ಎಲ್ಲರಿಗೂ ಪರಿಚಯವಿರುವ ಊರಿನಲ್ಲಿ ಠೇವಣಿದಾರ, ಸಾಲಗಾರ, ಬ್ಯಾಂಕಿನ ನೌಕರ ಹಲವೊಮ್ಮೆ ಒಂದೇ ಮನೆಯವರಾಗಿರುತ್ತಾರೆ; ಇಂಥ ಕಡೆ ಬ್ಯಾಂಕಿನ ಬಿಕ್ಕಟ್ಟು ಮನೆಮನೆಯ ಬಿಕ್ಕಟ್ಟಾಗುತ್ತದೆ.

ಇದರ ಜೊತೆಗೆ ಇಡೀ ಕೆರಿಬಿಯನ್ ಪ್ರದೇಶವನ್ನು ಕಾಡುವ ಇನ್ನೊಂದು ತೊಡಕಿದೆ. ಅಂತರರಾಷ್ಟ್ರೀಯ ಹಣ ವರ್ಗಾವಣೆಗೆ ಸ್ಥಳೀಯ ಬ್ಯಾಂಕುಗಳು ಅಮೆರಿಕ ಅಥವಾ ಯೂರೋಪಿನ ದೊಡ್ಡ ಬ್ಯಾಂಕುಗಳಲ್ಲಿ ಖಾತೆ ಹೊಂದಿರಬೇಕು. ಸಣ್ಣ ದ್ವೀಪಗಳ ವ್ಯವಹಾರದಲ್ಲಿ ಲಾಭ ಕಡಿಮೆ, ಅಕ್ರಮ ಹಣದ ತಪಾಸಣೆಯ ಖರ್ಚು ಹೆಚ್ಚು ಎಂಬ ಕಾರಣಕ್ಕೆ ದೊಡ್ಡ ಬ್ಯಾಂಕುಗಳು ಈ ಸಂಬಂಧವನ್ನು ಕಡಿದುಕೊಳ್ಳುವುದುಂಟು. ತೆರಿಗೆ ವಿಷಯದಲ್ಲಿ ಸಹಕರಿಸದ ಪ್ರದೇಶಗಳ ಪಟ್ಟಿಗೆ ಯೂರೋಪಿಯನ್ ಒಕ್ಕೂಟವು ೨೦೨೦ರಲ್ಲಿಯೂ, ತೆಗೆದುಹಾಕಿದ ಬಳಿಕ ಮತ್ತೆ ೨೦೨೨ರ ಅಕ್ಟೋಬರ್‌ನಲ್ಲಿಯೂ ಆಂಗ್ವಿಲಾವನ್ನು ಸೇರಿಸಿತು. ಇಂಥ ಪಟ್ಟಿಯ ಬಿಸಿ ಪ್ರಾಮಾಣಿಕ ವ್ಯಾಪಾರಿಗೂ ತಟ್ಟದಿರುವುದಿಲ್ಲ.

ಕೇಂದ್ರ ಬ್ಯಾಂಕು ೨೦೨೧ರ ಮಾರ್ಚ್‌ನಲ್ಲಿ ಡಿಕ್ಯಾಶ್ ಎಂಬ ಡಿಜಿಟಲ್ ನಾಣ್ಯವನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಮೊಬೈಲಿನಲ್ಲಿಯೇ ಹಣ ಕೊಟ್ಟು ತೆಗೆದುಕೊಳ್ಳುವ ಈ ವ್ಯವಸ್ಥೆ ೨೦೨೨ರ ಜನವರಿಯಲ್ಲಿ ತಾಂತ್ರಿಕ ದೋಷದಿಂದ ನಿಂತು, ಸುಮಾರು ಎರಡು ತಿಂಗಳ ಕಾಲ ಕೆಲಸ ಮಾಡಲಿಲ್ಲ. ಪ್ರಯೋಗವನ್ನು ೨೦೨೪ರ ಜನವರಿಯಲ್ಲಿ ಮುಕ್ತಾಯಗೊಳಿಸಲಾಯಿತು.

ವ್ಯಾಪಾರದ ನಿಯಮಗಳು

ಆಂಗ್ವಿಲಾದ ಕಾನೂನಿನಲ್ಲಿ ದ್ವೀಪಕ್ಕೆ ಸೇರಿದವರು, ಹೊರಗಿನವರು ಎಂಬ ಭೇದ ಸ್ಪಷ್ಟವಾಗಿದೆ. ಹುಟ್ಟು, ಮನೆತನ, ದೀರ್ಘ ವಾಸ ಮುಂತಾದವುಗಳ ಆಧಾರದ ಮೇಲೆ ಈ ಸ್ಥಾನಮಾನ ನಿರ್ಧಾರವಾಗುತ್ತದೆ. ಹೊರಗಿನವರು ಜಮೀನು ಕೊಳ್ಳಬೇಕಾದರೆ ಪ್ರತ್ಯೇಕ ಭೂಸ್ವಾಧೀನ ಪರವಾನಗಿ ಪಡೆಯಬೇಕು. ಕೆಲಸ ಮಾಡಲು ಅನುಮತಿ ಪತ್ರ, ಅಂಗಡಿ ತೆರೆಯಲು ವ್ಯಾಪಾರ ಪರವಾನಗಿ ಬೇಕು. ಹೊರಗಿನಿಂದ ಬರುವ ಬಂಡವಾಳಗಾರನಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ೯೧ ಚದರ ಕಿ.ಮೀ. ನೆಲವಿರುವವರಿಗೆ ಮಾರಿದ ಜಮೀನು ಮರಳಿ ಬರುವುದಿಲ್ಲ ಎಂಬುದನ್ನು ನೆನೆದರೆ ನಿಯಮದ ಹಿಂದಿನ ಅಂಜಿಕೆ ಅರ್ಥವಾಗುತ್ತದೆ.

ವೈಯಕ್ತಿಕ ಆದಾಯ ತೆರಿಗೆ ಇಲ್ಲಿಲ್ಲ. ಸರ್ಕಾರದ ವರಮಾನ ಬಹುಕಾಲ ಆಮದು ಸುಂಕ, ಹೋಟೆಲು ಕೋಣೆಗಳ ಮೇಲಿನ ತೆರಿಗೆ ಮತ್ತು ವಿವಿಧ ಶುಲ್ಕಗಳಿಂದ ಬರುತ್ತಿತ್ತು. ೨೦೨೨ರ ಜುಲೈನಿಂದ ಶೇಕಡ ೧೩ರ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ವಿದೇಶಿ ಗ್ರಾಹಕರಿಗಾಗಿ ಕಂಪನಿಗಳನ್ನು ನೋಂದಾಯಿಸುವುದೂ ಇಲ್ಲಿಯ ಒಂದು ಉದ್ಯಮ. ಇದಕ್ಕಾಗಿ ೧೯೯೮ರಲ್ಲಿಯೇ ಅಂತರಜಾಲದ ಮೂಲಕ ನೋಂದಣಿ ಮಾಡುವ ಏಕಾರ್ನ್ ಎಂಬ ವ್ಯವಸ್ಥೆಯನ್ನು ಸರ್ಕಾರ ತಂದಿತ್ತು.

ದ್ವೀಪದ ಮುಖ್ಯ ಉದ್ಯಮ ಪ್ರವಾಸೋದ್ಯಮ. ೧೯೮೦ರ ದಶಕದಲ್ಲಿ ಮಲಿಯುಹಾನಾ, ಕ್ಯಾಪ್ ಜುಲುಕಾ ಮೊದಲಾದ ದುಬಾರಿ ಹೋಟೆಲುಗಳು ಆರಂಭವಾದವು. ಮಲಿಯುಹಾನಾ ಎಂಬುದು ದ್ವೀಪಕ್ಕೆ ಮೂಲನಿವಾಸಿಗಳು ಇಟ್ಟಿದ್ದ ಹೆಸರು. ಸಾವಿರಾರು ಜನರನ್ನು ಒಮ್ಮೆಲೇ ತಂದಿಳಿಸುವ ವಿಹಾರ ನೌಕೆಗಳನ್ನು ನೆಚ್ಚದೆ, ಕಡಿಮೆ ಜನ ಬಂದರೂ ಹೆಚ್ಚು ಖರ್ಚು ಮಾಡುವಂಥ ಪ್ರವಾಸಿಗರನ್ನು ಸೆಳೆಯುವುದು ಇಲ್ಲಿಯ ನೀತಿ.

ಸಂತ ಮಾರ್ಟಿನ್ ಎಂಬ ಹೆಬ್ಬಾಗಿಲು

ದಕ್ಷಿಣ ತೀರದ ಬ್ಲೋಯಿಂಗ್ ಪಾಯಿಂಟ್ ಬಂದರಿನಿಂದ ಸಂತ ಮಾರ್ಟಿನ್ ದ್ವೀಪದ ಮಾರಿಗೋ ಪಟ್ಟಣಕ್ಕೆ ದೋಣಿಯಲ್ಲಿ ಸುಮಾರು ೨೫ ನಿಮಿಷದ ದಾರಿ. ಆ ದ್ವೀಪದ ಉತ್ತರ ಭಾಗ ಫ್ರಾನ್ಸಿನದು, ದಕ್ಷಿಣ ಭಾಗ ನೆದರ್‌ಲೆಂಡ್ಸ್ ಸಾಮ್ರಾಜ್ಯಕ್ಕೆ ಸೇರಿದ್ದು. ದೊಡ್ಡ ವಿಮಾನಗಳು ಇಳಿಯುವ ಪ್ರಿನ್ಸೆಸ್ ಜೂಲಿಯಾನಾ ವಿಮಾನ ನಿಲ್ದಾಣ ಇರುವುದು ಡಚ್ ಭಾಗದಲ್ಲಿ. ಡಚ್ ಭಾಗದ ರಾಜಧಾನಿ ಫಿಲಿಪ್ಸ್‌ಬರ್ಗ್‌ನ ಮುಖ್ಯ ಬೀದಿಯಲ್ಲಿ ಆಭರಣ ಮತ್ತು ಎಲೆಕ್ಟ್ರಾನಿಕ್ ವಸ್ತುಗಳ ಅಂಗಡಿಗಳನ್ನು ನಡೆಸುವವರಲ್ಲಿ ಭಾರತದ ಸಿಂಧಿ ವರ್ತಕರು ಅನೇಕರಿದ್ದಾರೆ. ಆಂಗ್ವಿಲಾದವರು ಪ್ರಯಾಣ, ಸಾಮಾನು ಖರೀದಿ, ಚಿಕಿತ್ಸೆ ಹೀಗೆ ಹಲವು ಕಾರಣಗಳಿಗೆ ಈ ಕಾಲುವೆಯನ್ನು ದಾಟುತ್ತಾರೆ.

ಬ್ರಿಟನ್ ಯೂರೋಪಿಯನ್ ಒಕ್ಕೂಟದಿಂದ ಹೊರಬಂದಾಗ ಲಂಡನ್ನಿನ ಪತ್ರಿಕೆಗಳು ಐರ್ಲೆಂಡಿನ ಗಡಿಯ ಬಗ್ಗೆ ಪುಟಗಟ್ಟಲೆ ಬರೆದವು. ಆಂಗ್ವಿಲಾ ಮತ್ತು ಫ್ರೆಂಚ್ ಸಂತ ಮಾರ್ಟಿನ್ ನಡುವಿನ ನೀರೂ ಅಂಥದೇ ಒಂದು ಗಡಿ ಎಂಬುದು ಹೆಚ್ಚು ಜನರಿಗೆ ತಿಳಿದಿರಲಿಲ್ಲ. ಆ ಜನಮತಗಣನೆಯಲ್ಲಿ ಆಂಗ್ವಿಲಾದ ನಿವಾಸಿಗಳಿಗೆ ಮತದಾನದ ಹಕ್ಕೂ ಇರಲಿಲ್ಲ.

ಆಹಾರ, ಇಂಧನ, ಸಿಮೆಂಟು, ವಾಹನ ಎಲ್ಲವೂ ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತವೆ. ಸರಕು ಹಡಗುಗಳು ಸ್ಯಾಂಡಿ ಗ್ರೌಂಡ್‌ನ ರೋಡ್ ಬೇ ಬಂದರಿಗೆ ಬರುತ್ತವೆ. ಸಾಗಣೆ ವೆಚ್ಚದ ಮೇಲೆ ಸುಂಕ, ಅದರ ಮೇಲೆ ತೆರಿಗೆ ಸೇರಿ ಅಂಗಡಿಯ ಬೆಲೆ ಏರುತ್ತದೆ. ಕೆಟ್ಟುಹೋದ ಯಂತ್ರಕ್ಕೆ ಬೇಕಾದ ಬಿಡಿಭಾಗ ಮುಂದಿನ ಹಡಗಿಗಾಗಿ ಕಾಯಬೇಕಾಗಬಹುದು. ಆದ್ದರಿಂದ ದಾಸ್ತಾನು ಹೆಚ್ಚಾಗಿ ಇಟ್ಟುಕೊಳ್ಳುವುದು ಇಲ್ಲಿಯ ವ್ಯಾಪಾರಿಗಳಿಗೆ ಅನಿವಾರ್ಯ. ದಿ ವ್ಯಾಲಿಯ ಬಳಿ ಇರುವ ಕ್ಲೇಟನ್ ಜೆ. ಲಾಯ್ಡ್ ವಿಮಾನ ನಿಲ್ದಾಣಕ್ಕೆ ೨೦೨೧ರ ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಿಂದ ನೇರ ವಿಮಾನ ಸೇವೆ ಆರಂಭವಾದದ್ದು ದ್ವೀಪದ ಮಟ್ಟಿಗೆ ದೊಡ್ಡ ಸುದ್ದಿಯಾಗಿತ್ತು.

ದೂರವಾಣಿ ಮತ್ತು ಅಂತರಜಾಲ

ಆಂಗ್ವಿಲಾ ಉತ್ತರ ಅಮೆರಿಕದ ದೂರವಾಣಿ ಸಂಖ್ಯಾ ಯೋಜನೆಗೆ ಸೇರಿದೆ. ಮೊದಲು ಕೆರಿಬಿಯನ್ನಿನ ಹಲವು ದ್ವೀಪಗಳಿಗೆ ೮೦೯ ಎಂಬ ಒಂದೇ ಸಂಕೇತವಿತ್ತು. ೧೯೯೭ರಲ್ಲಿ ಆಂಗ್ವಿಲಾಕ್ಕೆ ೨೬೪ ಎಂಬ ಪ್ರತ್ಯೇಕ ಸಂಕೇತ ಬಂದಿತು. ದೂರವಾಣಿಯ ಗುಂಡಿಗಳ ಮೇಲಿನ ಅಕ್ಷರಗಳನ್ನು ನೋಡಿದರೆ ೨, ೬, ೪ ಎಂಬವು ಇಂಗ್ಲಿಷಿನಲ್ಲಿ ದ್ವೀಪದ ಹೆಸರಿನ ಮೊದಲ ಮೂರು ಅಕ್ಷರಗಳೇ ಆಗಿವೆ. ಇಡೀ ದ್ವೀಪಕ್ಕೆ ಇರುವ ಒಂದೇ ಅಂಚೆ ಸಂಕೇತ ಎಐ-೨೬೪೦ರಲ್ಲಿಯೂ ಈ ಅಂಕಿಗಳಿವೆ. ಸಮಯದಲ್ಲಿ ಭಾರತವು ಆಂಗ್ವಿಲಾಕ್ಕಿಂತ ಒಂಬತ್ತೂವರೆ ಗಂಟೆ ಮುಂದಿದೆ. ಬೆಂಗಳೂರಿನಲ್ಲಿ ಸಂಜೆ ಆರೂವರೆಯಾದಾಗ ಅಲ್ಲಿ ಬೆಳಿಗ್ಗೆ ಒಂಬತ್ತು.

ಹೊರಜಗತ್ತಿನ ದತ್ತಾಂಶ ಬರುವುದು ಸಮುದ್ರದಡಿಯ ತಂತಿಗಳಲ್ಲಿ. ೧೯೯೫ರಲ್ಲಿ ಕಾರ್ಯಾರಂಭ ಮಾಡಿದ ಪೂರ್ವ ಕೆರಿಬಿಯನ್ ಫೈಬರ್ ಜಾಲವು ಬ್ರಿಟಿಷ್ ವರ್ಜಿನ್ ದ್ವೀಪಗಳಿಂದ ಟ್ರಿನಿಡಾಡ್‌ವರೆಗೆ ದ್ವೀಪದಿಂದ ದ್ವೀಪಕ್ಕೆ ಹಾದುಹೋಗುತ್ತದೆ. ಆಂಗ್ವಿಲಾ ಅದರ ನಿಲ್ದಾಣಗಳಲ್ಲೊಂದು. ಬಹುಕಾಲ ಒಂದೇ ಕಂಪನಿಯ ಕೈಯಲ್ಲಿದ್ದ ದೂರವಾಣಿ ಕ್ಷೇತ್ರಕ್ಕೆ ಮುಂದೆ ಡಿಜಿಸೆಲ್ ಪ್ರವೇಶಿಸಿ ಪೈಪೋಟಿ ಹುಟ್ಟಿತು.

ಅಂತರಜಾಲ ಇನ್ನೂ ಹೊಸದಾಗಿದ್ದಾಗಲೇ ಈ ದ್ವೀಪ ಕೆಲವು ಗಣಕತಜ್ಞರನ್ನು ಸೆಳೆದಿತ್ತು. ಡಿಜಿಟಲ್ ಹಣ ಮತ್ತು ಗೂಢಲಿಪಿ ಶಾಸ್ತ್ರಕ್ಕೆ ಸಂಬಂಧಿಸಿದ 'ಫೈನಾನ್ಷಿಯಲ್ ಕ್ರಿಪ್ಟೋಗ್ರಫಿ' ಎಂಬ ಅಂತರರಾಷ್ಟ್ರೀಯ ಸಮ್ಮೇಳನ ಮೊದಲು ನಡೆದದ್ದು ೧೯೯೭ರಲ್ಲಿ ಆಂಗ್ವಿಲಾದಲ್ಲಿ. ಕೋವಿಡ್ ಕಾಲದಲ್ಲಿ ಪ್ರವಾಸಿಗರು ನಿಂತುಹೋದಾಗ, ಬೇರೆ ದೇಶದ ಕಂಪನಿಗಳಿಗೆ ದೂರದಿಂದಲೇ ಕೆಲಸ ಮಾಡುವವರು ಇಲ್ಲಿಗೆ ಬಂದು ಒಂದು ವರ್ಷದವರೆಗೆ ನೆಲೆಸುವ ಯೋಜನೆಯನ್ನು ಸರ್ಕಾರ ೨೦೨೦ರಲ್ಲಿ ಆರಂಭಿಸಿತು.

.ಎಐ ವಿಳಾಸಗಳು

ಪ್ರತಿ ದೇಶ ಅಥವಾ ಪ್ರಾಂತ್ಯಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಎರಡಕ್ಷರದ ಸಂಕೇತವನ್ನು ಗೊತ್ತುಮಾಡುತ್ತದೆ. ಅಂತರಜಾಲದ ದೇಶವಾರು ವಿಳಾಸಗಳು ಅದನ್ನೇ ಅನುಸರಿಸುತ್ತವೆ. ಭಾರತಕ್ಕೆ .ಇನ್ ಬಂದಂತೆ ಆಂಗ್ವಿಲಾಕ್ಕೆ .ಎಐ ಬಂದಿತು. ಈ ಸಂಕೇತ ಮೊದಲು ಇದ್ದದ್ದು ಆಫ್ರಿಕಾದ 'ಅಫಾರ್ ಮತ್ತು ಇಸ್ಸಾ ಜನರ ಫ್ರೆಂಚ್ ಪ್ರಾಂತ್ಯ'ಕ್ಕೆ. ಆ ಪ್ರಾಂತ್ಯ ೧೯೭೭ರಲ್ಲಿ ಸ್ವತಂತ್ರವಾಗಿ ಜಿಬೂಟಿ ಎಂಬ ಹೆಸರು ಪಡೆದಾಗ ಸಂಕೇತ ತೆರವಾಯಿತು. ಸೇಂಟ್ ಕಿಟ್ಸ್‌ನಿಂದ ಬೇರ್ಪಟ್ಟ ಆಂಗ್ವಿಲಾಕ್ಕೆ ಪ್ರತ್ಯೇಕ ಸಂಕೇತ ಬೇಕಾದಾಗ ಅದು ಸಿಕ್ಕಿತು. ೧೯೬೭ರ ಬಂಡಾಯ ಸೋತು ದ್ವೀಪ ಸೇಂಟ್ ಕಿಟ್ಸ್‌ನ ಭಾಗವಾಗಿಯೇ ಉಳಿದಿದ್ದರೆ ಈ ಎರಡಕ್ಷರ ಅದರ ಪಾಲಿಗೆ ಬರುತ್ತಿರಲಿಲ್ಲ.

.ಎಐ ವಲಯವನ್ನು ೧೯೯೫ರ ಫೆಬ್ರವರಿಯಲ್ಲಿ ಆಂಗ್ವಿಲಾಕ್ಕೆ ವಹಿಸಲಾಯಿತು. ದ್ವೀಪದಲ್ಲಿ ನೆಲೆಸಿದ್ದ ಗಣಕತಜ್ಞ ವಿನ್ಸ್ ಕೇಟ್ ದಶಕಗಳ ಕಾಲ ಇದರ ನಿರ್ವಹಣೆ ಮಾಡಿದರು. ೨೦೦೯ರ ಸೆಪ್ಟೆಂಬರ್‌ನಿಂದ ಪ್ರಪಂಚದ ಯಾರು ಬೇಕಾದರೂ ನೇರವಾಗಿ .ಎಐ ಹೆಸರು ಪಡೆಯಬಹುದಾಯಿತು. ಇಂಗ್ಲಿಷಿನಲ್ಲಿ ಕೃತಕ ಬುದ್ಧಿಮತ್ತೆಯ ಸಂಕ್ಷಿಪ್ತ ರೂಪವೂ ಎಐ ಆಗಿರುವುದರಿಂದ ಆ ಕ್ಷೇತ್ರದ ಕಂಪನಿಗಳು ಇದನ್ನು ಆರಿಸಿಕೊಂಡವು. ೨೦೨೨ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಬೇಡಿಕೆ ಒಮ್ಮೆಲೇ ಏರಿತು. ೨೦೨೩ರಲ್ಲಿ ಸರ್ಕಾರಕ್ಕೆ ಇದರಿಂದ ಸುಮಾರು ೮.೭ ಕೋಟಿ ಪೂರ್ವ ಕೆರಿಬಿಯನ್ ಡಾಲರ್, ಅಂದರೆ ಸುಮಾರು ೩.೨ ಕೋಟಿ ಅಮೆರಿಕನ್ ಡಾಲರ್ ಬಂದಿತು. ಇದು ಸರ್ಕಾರದ ಒಟ್ಟು ವರಮಾನದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು. ಜನಸಂಖ್ಯೆಗೆ ಹಂಚಿದರೆ ತಲೆಗೆ ಸುಮಾರು ೨,೦೦೦ ಅಮೆರಿಕನ್ ಡಾಲರ್. ೨೦೨೪ರಲ್ಲಿ ಈ ಮೊತ್ತ ೧೦ ಕೋಟಿ ಪೂರ್ವ ಕೆರಿಬಿಯನ್ ಡಾಲರನ್ನು ದಾಟಿತು.

ಹೆಸರನ್ನು ಕನಿಷ್ಠ ಎರಡು ವರ್ಷಕ್ಕೆ ನೋಂದಾಯಿಸಬೇಕು; ಅವಧಿ ಮುಗಿದಾಗ ನವೀಕರಿಸಬೇಕು. ಈ ನವೀಕರಣವೇ ವ್ಯವಸ್ಥೆಯ ಜೀವಾಳ. ನವೀಕರಿಸದೆ ಬಿಟ್ಟ ಹೆಸರುಗಳನ್ನು ಹರಾಜು ಹಾಕಲಾಗುತ್ತದೆ. ಶುಲ್ಕ ಕಟ್ಟುವವರಲ್ಲಿ ಕರ್ನಾಟಕದವರೂ ಸೇರಿದ್ದಾರೆ: ಭಾರತೀಯ ಭಾಷೆಗಳಿಗಾಗಿ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ರೂಪಿಸುವ ಬೆಂಗಳೂರಿನ ಸರ್ವಂ ಕಂಪನಿಯ ವಿಳಾಸವೂ .ಎಐ ಎಂದೇ ಕೊನೆಯಾಗುತ್ತದೆ.

ಹೋಟೆಲಿನ ಆದಾಯಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಹೋಟೆಲಿನ ಹಣ ಅಡುಗೆಯವ, ದೋಣಿಯವ, ತರಕಾರಿ ಮಾರುವವಳು ಹೀಗೆ ಹಲವರ ಕೈ ದಾಟಿ ಕೊನೆಗೆ ಖಜಾನೆಗೆ ತಲುಪುತ್ತದೆ. ವಿಳಾಸದ ಹಣ ನೇರವಾಗಿ ಖಜಾನೆಗೆ ಬರುತ್ತದೆ, ಅದರಿಂದ ಹುಟ್ಟುವ ಉದ್ಯೋಗ ಅತ್ಯಲ್ಪ. ಆದ್ದರಿಂದ ಸರ್ಕಾರ ಅದನ್ನು ಯಾವುದಕ್ಕೆ ಖರ್ಚು ಮಾಡುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ವಿಮಾನ ನಿಲ್ದಾಣದ ವಿಸ್ತರಣೆ ಮುಂತಾದ ಯೋಜನೆಗಳು ಚರ್ಚೆಯಲ್ಲಿವೆ. ತಂತ್ರಜ್ಞಾನದ ಹುಮ್ಮಸ್ಸು ಇಳಿದರೆ ನವೀಕರಣಗಳೂ ಇಳಿಯಬಹುದು ಎಂಬ ಎಚ್ಚರಿಕೆ ದ್ವೀಪದಲ್ಲಿಯೂ ಇದೆ.

ಚಂಡಮಾರುತ

ಜೂನ್‌ನಿಂದ ನವೆಂಬರ್‌ವರೆಗೆ ಅಟ್ಲಾಂಟಿಕ್ ಚಂಡಮಾರುತಗಳ ಕಾಲ. ಅದರ ತೀವ್ರ ಘಟ್ಟವಾದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಅನೇಕ ಹೋಟೆಲುಗಳು ಬಾಗಿಲು ಹಾಕುತ್ತವೆ. ನೌಕರರ ಪಾಲಿಗೆ ಅದು ಕೈ ಬರಿದಾಗುವ ಕಾಲ.

೨೦೧೭ರ ಸೆಪ್ಟೆಂಬರ್ ೬ರಂದು ಇರ್ಮಾ ಚಂಡಮಾರುತ ಗಂಟೆಗೆ ಸುಮಾರು ೨೯೫ ಕಿ.ಮೀ. ವೇಗದ ಗಾಳಿಯೊಂದಿಗೆ ದ್ವೀಪವನ್ನು ಅಪ್ಪಳಿಸಿತು. ಶಾಲೆಗಳು, ಆಸ್ಪತ್ರೆ, ಮನೆಗಳು ಹಾನಿಗೊಂಡವು. ವಿದ್ಯುತ್ ಕಂಬಗಳು ಸಾಲುಸಾಲಾಗಿ ಉರುಳಿದವು. ಬ್ಲೋಯಿಂಗ್ ಪಾಯಿಂಟ್ ಬಂದರಿನ ಕಟ್ಟಡ ನಾಶವಾಯಿತು. ಸಂತ ಮಾರ್ಟಿನ್ ಕೂಡ ಅದೇ ದಿನ ಧ್ವಂಸವಾಗಿದ್ದರಿಂದ, ಎಂದಿನಂತೆ ದೋಣಿ ಹತ್ತಿ ನೆರವಿಗೆ ಹೋಗುವ ದಾರಿಯೂ ಮುಚ್ಚಿತು. ಒಂದೇ ನೆರೆಹೊರೆಯನ್ನು ನೆಚ್ಚಿಕೊಂಡಿರುವ ದ್ವೀಪದ ದೌರ್ಬಲ್ಯ ಆಗ ಎಲ್ಲರಿಗೂ ಕಾಣಿಸಿತು. ಹೋಟೆಲುಗಳು ಮತ್ತೆ ತೆರೆಯುವವರೆಗೆ ಪ್ರವಾಸೋದ್ಯಮದ ಆದಾಯ ಕುಸಿದಿತ್ತು.

ವಿದ್ಯುತ್ ಪೂರೈಕೆ ೧೯೯೧ರಲ್ಲಿ ಸ್ಥಾಪಿತವಾದ ಆಂಗ್ಲೆಕ್ ಕಂಪನಿಯದು; ಉತ್ಪಾದನೆಯ ಬಹುಪಾಲು ಆಮದು ಮಾಡಿದ ಡೀಸೆಲ್‌ನಿಂದ. ಕುಡಿಯುವ ನೀರಿಗೆ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳಿವೆಯಾದರೂ, ಮನೆಗಳ ಕೆಳಗೆ ಮಳೆನೀರಿನ ತೊಟ್ಟಿ ಕಟ್ಟಿ ಚಾವಣಿಯ ನೀರನ್ನು ಅದಕ್ಕೆ ಹರಿಸುವ ಹಳೆಯ ಪದ್ಧತಿ ಇನ್ನೂ ಬಿಟ್ಟುಹೋಗಿಲ್ಲ. .ಎಐ ವಿಳಾಸಗಳ ವಿಷಯದಲ್ಲಿ ಸರ್ಕಾರವು ೨೦೨೪ರ ಅಕ್ಟೋಬರ್‌ನಲ್ಲಿ ಅಮೆರಿಕದ ಐಡೆಂಟಿಟಿ ಡಿಜಿಟಲ್ ಕಂಪನಿಯೊಂದಿಗೆ ಒಪ್ಪಂದ ಪ್ರಕಟಿಸಿತು. ಅದರಂತೆ ವಿಳಾಸಗಳ ನಿರ್ವಹಣೆ ಆ ಕಂಪನಿಗೆ ಸೇರಿದ, ಪ್ರಪಂಚದ ಹಲವೆಡೆ ಹರಡಿರುವ ಗಣಕಗಳಿಗೆ ವರ್ಗವಾಯಿತು. ದ್ವೀಪದಲ್ಲಿ ಗಾಳಿ ಬೀಸಿ ವಿದ್ಯುತ್ ಹೋದರೂ ಅವು ಕೆಲಸ ನಿಲ್ಲಿಸುವುದಿಲ್ಲ.